ಕೊಡುವ ಕೈ, ಪಡೆಯುವ ಕೈ



‘ಕಸ್ತೂರಿ ನಿವಾಸ’ ಚಿತ್ರ ನಿಮ್ಮಲ್ಲಿ ಅನೇಕರಿಗೆ ಗೊತ್ತು. ದೊರೆ–ಭಗವಾನ್ ನಿರ್ದೇಶಿಸಿದ ಈ ಚಿತ್ರ 1971ರಲ್ಲಿ ತೆರೆಕಂಡಿತು. 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ಬಂತು. ಟಿ.ವಿ.ಯಲ್ಲಿ ಬಂದಾಗಲೆಲ್ಲ ನಮ್ಮ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ. ಆ ಕಣ್ಣೀರಿನ ಹಿಂದೆ ಒಂದು ದೊಡ್ಡ ತತ್ವವಿಚಾರವಿದೆ. ಇಂದು ಅದನ್ನು ಧ್ಯಾನಿಸೋಣ.

ಡಾ. ರಾಜ್‌ಕುಮಾರ್ ಅವರ ರವಿವರ್ಮ ಬೆಂಕಿಪೊಟ್ಟಣ ಕಾರ್ಖಾನೆಯ ಒಡೆಯ. ಕೊಡುವುದೇ ಅವನ ಮನೆತನದ ವ್ರತ. ಕೊಟ್ಟದ್ದನ್ನು ಮರಳಿ ಪಡೆಯುವವನಲ್ಲ. ಸಿರಿ ಕರಗುತ್ತದೆ. ಕೊನೆಗೆ ನೀಲಾ ಅವನ ಮುದ್ದಿನ ಪಾರಿವಾಳವನ್ನು ಕೇಳಲು ಬರುತ್ತಾಳೆ. ಆದರೆ ಮನೆಗೆ ಬಂದ ಅವಳಿಗೆ ಊಟವಿಡುವುದಕ್ಕಾಗಿಯೇ ಆ ಪಾರಿವಾಳವೂ ಕೈಬಿಟ್ಟುಹೋಗಿದೆ! ಕೇಳಿದವರಿಗೆ ಇಲ್ಲವೆನ್ನಬೇಕಾದ ನೋವಿನಲ್ಲೇ ಅವನು ಪ್ರಾಣ ಬಿಡುತ್ತಾನೆ.

ಫ್ರಾನ್ಸ್ ದೇಶದ ಗೇಬ್ರಿಯಲ್ ಮಾರ್ಸೆಲ್ ತತ್ವಜ್ಞಾನಿಯೂ ಹೌದು, ನಾಟಕಕಾರನೂ ಹೌದು. 1929ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಈತ, ‘ನನ್ನಲ್ಲಿ ಏನಿದೆ’ ಎಂಬುದೇ ಬೇರೆ, ‘ನಾನು ಏನಾಗಿದ್ದೇನೆ’ ಎಂಬುದೇ ಬೇರೆ ಎಂದು ವಿವೇಚಿಸಿದ. ರವಿವರ್ಮನಿಂದ ಇದು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಅವನಲ್ಲಿದ್ದುದೆಲ್ಲ ಹೋಯಿತು, ಅವನ ದೊಡ್ಡಗುಣ ಹೋಗಲಿಲ್ಲ. ತನ್ನ ಬಡತನದಲ್ಲೂ ಇದ್ದುದನ್ನೆಲ್ಲ ಕಾಣಿಕೆ ಪೆಟ್ಟಿಗೆಗೆ ಹಾಕಿದ ವಿಧವೆಯನ್ನು ಪ್ರಭು ಯೇಸು ಮೆಚ್ಚಿಕೊಂಡದ್ದೂ ಇದಕ್ಕಾಗಿಯೇ (ಮಾರ್ಕ 12).

ಆದರೆ ಇಲ್ಲಿಗೇ ನಿಲ್ಲುವಂತಿಲ್ಲ. ಕೊಡುವ ಕೈ ಸದಾ ಮೇಲೆಯೇ ಇರಬೇಕೆಂಬ ಹಟದಲ್ಲಿ ಅಭಿಮಾನವೂ ಸ್ವಲ್ಪ ಸೇರಿಕೊಂಡಿರುವುದಿಲ್ಲವೇ? ಕೊನೆಯ ಭೋಜನದ ವೇಳೆ ಪೇತ್ರನ ಕಷ್ಟವೂ ಇದೇ. ಗುರುವಿಗಾಗಿ ಪ್ರಾಣ ಕೊಡಲು ಸಿದ್ಧನೆಂದ ಅವನು, ಗುರು ತನ್ನ ಪಾದ ತೊಳೆಯಲು ಬಂದಾಗ ಒಲ್ಲೆನೆಂದ (ಯೊವಾನ್ನ 13). ಕೊಡಲು ಬಲ್ಲವನಿಗೆ ಪಡೆಯಲು ಬರಲಿಲ್ಲ. ಪ್ರಭುವಾದರೋ ಸಮಾರಿಯದ ಹೆಂಗಸಿನ ಬಳಿ ಕುಡಿಯಲು ನೀರು ಕೇಳಿದರು. ದೇವಪುತ್ರನೇ ಕೈಚಾಚಿದ ಮೇಲೆ, ಕೇಳುವುದು ಅವಮಾನವಾದೀತೇ?

ನಮ್ಮ ತಾಲ್ಲೂಕುಗಳಿಗೆ ಈ ಮಾತು ತೀರ ಹತ್ತಿರದ್ದು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು, ಎಚ್.ಡಿ. ಕೋಟೆಯ ಹತ್ತಿ, ಕೆ.ಆರ್. ನಗರದ ಭತ್ತ ಎಲ್ಲಕ್ಕೂ ಸಾಲದ ಬೀಜವೇ ಮೊದಲು ಬೀಳುವುದು. ಮಳೆ ಕೈಕೊಟ್ಟರೆ, ಹರಾಜಿನಲ್ಲಿ ಬೆಲೆ ಬೀಳುತ್ತಲೇ ಹೋದರೆ, ಹತ್ತು ಜನಕ್ಕೆ ಅನ್ನ ಹಾಕಿದ ಯಜಮಾನ ಯಾರ ಮುಂದೆ ಬಾಯಿ ಬಿಟ್ಟಾನು? 2015ರಲ್ಲಿ ನಮ್ಮ ಜಿಲ್ಲೆಯಲ್ಲೂ ಸಾಲದ ಸಂಕಟದಲ್ಲಿ ರೈತರು ಜೀವ ಕಳೆದುಕೊಂಡರು. ಎಷ್ಟೋ ಮನೆಗಳಲ್ಲಿ ಹಣದ ಕೊರತೆಗಿಂತ, ‘ನನಗೆ ಸಾಕಾಗಿದೆ, ಕೈ ಹಿಡಿಯಿರಿ’ ಎಂದು ಹೇಳಲಾರದ ಮೌನವೇ ಹೆಚ್ಚು ಭಾರ.

ಆದ್ದರಿಂದ ಮನೆಯ ಯಜಮಾನರೇ, ನಿಮ್ಮ ಲೆಕ್ಕವನ್ನು ಮಡದಿ ಮಕ್ಕಳಿಂದ ಮುಚ್ಚಿಡಬೇಡಿ. ವಯಸ್ಸಾದ ತಾಯಂದಿರೇ, ಮಗಳು ಔಷಧಿಗೆಂದು ಕೊಟ್ಟ ದುಡ್ಡನ್ನು ಹಿಂದಿರುಗಿಸಬೇಡಿ. ಅವಳಿಗೂ ಕೊಡುವ ಸಂತೋಷ ಸಿಗಲಿ. ಉಳ್ಳವರೇ, ನೆರೆಯವನು ಕೇಳುವವರೆಗೆ ಕಾಯಬೇಡಿ. ಕೊಡುವಾಗ ಅವನ ತಲೆ ತಗ್ಗದಂತೆ ಕೊಡಿ.

2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ, 2021ರಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ, ಇಬ್ಬರ ಕಣ್ಣುಗಳೂ ದಾನವಾದವು. ಅವನ್ನು ಪಡೆಯಲು ಒಪ್ಪಿದವರಿದ್ದುದರಿಂದಲೇ ಆ ದಾನ ಬೆಳಕಾಯಿತು.

ಬಲಿಪೂಜೆಯಲ್ಲಿ ನಾವು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ಬರಿಗೈಯಲ್ಲಿ ಬಂದು ಪರಮಪ್ರಸಾದವನ್ನು ಸ್ವೀಕರಿಸುತ್ತೇವೆ. ಅಲ್ಲಿ ಸಾಹುಕಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಭಾನುವಾರ ಆ ಸಾಲಿನಲ್ಲಿ ನಿಂತಾಗ, ಕೊಡುವ ಮನಸ್ಸಿನ ಜೊತೆಗೆ ಪಡೆಯುವ ವಿನಯವನ್ನೂ ಪ್ರಭುವಿನಲ್ಲಿ ಬೇಡಿಕೊಳ್ಳೋಣ.