ಒಂಬತ್ತು ಸಲ ಅಳೆ, ಒಂದು ಸಲ ಕತ್ತರಿಸು

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬುದು ಕನ್ನಡನಾಡಿನ ಹಳೆಯ ನಂಬುಗೆ. ಗಾದೆಯು ಸುಳ್ಳಾಗದಿರಬಹುದು, ಆದರೆ ಗಾದೆಯನ್ನಾಡುವವನು ಸುಳ್ಳನಾಗಬಲ್ಲನು. ಅನೇಕ ತಲೆಮಾರುಗಳ ಅನುಭವದಿಂದ ಹದಗೊಂಡ ನುಡಿಯನ್ನು ತನ್ನ ಆಲಸ್ಯಕ್ಕೆ ಹೊದಿಕೆಯಾಗಿ, ತನ್ನ ಕೋಪಕ್ಕೆ ಚಾವಟಿಯಾಗಿ ಬಳಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಆದುದರಿಂದ ಗಾದೆಯೊಂದನ್ನು ಕಲಿಯುವುದೆಂದರೇನು ಎಂಬ ಪ್ರಶ್ನೆಯು ಕೇವಲ ಭಾಷೆಗೆ ಸೇರಿದುದಲ್ಲ. ಅದು ನಡೆಗೂ ಸೇರಿದುದು. ದೂರದ ಎಸ್ಟೋನಿಯಾ ದೇಶದಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಒಂದು ಗಾದೆಯನ್ನು ಅಕ್ಷರದಿಂದ ಮೊದಲುಮಾಡಿ ಕಲಿತು ನೋಡಿದರೆ ಈ ಮಾತು ಸ್ಪಷ್ಟವಾಗುವುದು.

ಎಸ್ಟೋನಿಯಾ ಬಾಲ್ಟಿಕ್ ಸಮುದ್ರದ ಪೂರ್ವತೀರದ ಚಿಕ್ಕ ದೇಶ. ಅಲ್ಲಿಯ ಜನಸಂಖ್ಯೆ ಹದಿನಾಲ್ಕು ಲಕ್ಷದ ಆಸುಪಾಸು. ಅವರ ಭಾಷೆಯು ಫಿನ್‌ಲೆಂಡಿನ ಭಾಷೆಗೆ ಸೋದರಿ. ನೆರೆಯ ರಷ್ಯನ್, ಲಾಟ್ವಿಯನ್ ಭಾಷೆಗಳಿಗೆ ಅದು ಕುಲದಿಂದಲೇ ಬೇರೆ. ಈ ಸಣ್ಣ ಜನಾಂಗವು ತನ್ನ ಬಾಯಿಮಾತಿನ ಸಂಪತ್ತನ್ನು ಕಾಪಾಡಿಕೊಂಡ ರೀತಿ ಮೆಚ್ಚತಕ್ಕದ್ದು. 1888ರಲ್ಲಿ ಯಾಕೊಬ್ ಹುರ್ಟ್ ಎಂಬ ಪಾದ್ರಿಯು ಹಾಡು, ಕಥೆ, ಗಾದೆಗಳನ್ನು ಬರೆದು ಕಳುಹಿಸಿರೆಂದು ಜನರಲ್ಲಿ ಬಿನ್ನವಿಸಿದನು. ಸಾವಿರಕ್ಕೂ ಮಿಕ್ಕ ಜನರು ಆ ಕರೆಗೆ ಓಗೊಟ್ಟರು. ಒಂದು ಲಕ್ಷಕ್ಕೂ ಹೆಚ್ಚು ಪುಟಗಳು ಸೇರಿದುವು. 1927ರಲ್ಲಿ ತಾರ್ತು ನಗರದಲ್ಲಿ ಜಾನಪದ ಭಂಡಾರವು ಸ್ಥಾಪಿತವಾಯಿತು. ಎಸ್ಟೋನಿಯನ್ ಗಾದೆಗಳ ಶಾಸ್ತ್ರೀಯ ಸಂಪುಟಗಳು 1980ರಿಂದ 1988ರವರೆಗೆ ಅಚ್ಚಾಗಿ ಹೊರಬಂದುವು.

ಕಲಿಯಬೇಕಾದ ಗಾದೆಯು ಇದು: ‘ಯುಹೆಕ್ಸ ಕೊರ್ದ ಮೋದ, ಯುಕ್ಸ್ ಕೊರ್ದ್ ಲೊಯ್ಕ.’ ‘ಯುಹೆಕ್ಸ’ ಎಂದರೆ ಒಂಬತ್ತು, ‘ಯುಕ್ಸ್’ ಎಂದರೆ ಒಂದು, ‘ಕೊರ್ದ್’ ಎಂದರೆ ಸಲ, ‘ಮೋದ’ ಎಂದರೆ ಅಳೆ, ‘ಲೊಯ್ಕ’ ಎಂದರೆ ಕತ್ತರಿಸು. ಒಂಬತ್ತು ಸಲ ಅಳೆ, ಒಂದು ಸಲ ಕತ್ತರಿಸು ಎಂಬುದು ಒಟ್ಟು ಅರ್ಥ. ಇದರ ಎರಡು ಸ್ವರಗಳನ್ನು ಕನ್ನಡ ಲಿಪಿಯು ಪೂರ್ಣವಾಗಿ ಹಿಡಿಯಲಾರದು. ಸಂಖ್ಯೆಗಳ ಮೊದಲ ಸ್ವರವನ್ನು, ತುಟಿಗಳನ್ನು ಉಕಾರಕ್ಕೆಂಬಂತೆ ದುಂಡಗೆ ಮಾಡಿ, ನಾಲಗೆಯಿಂದ ಇಕಾರವನ್ನು ನುಡಿದಂತೆ ಉಚ್ಚರಿಸಬೇಕು. ಕ್ರಿಯಾಪದಗಳ ಮೊದಲ ಸ್ವರವನ್ನು, ತುಟಿಗಳನ್ನು ದುಂಡಗೆ ಮಾಡದೆ ಒಕಾರವನ್ನು ನುಡಿದಂತೆ ಉಚ್ಚರಿಸಬೇಕು. ಒಂಬತ್ತರ ಮುಂದೆಯೂ ‘ಸಲ’ ಎಂಬ ಪದವು, ಕನ್ನಡದಲ್ಲಿರುವಂತೆ, ಏಕವಚನದಲ್ಲಿಯೇ ಉಳಿಯುವುದು. ವಿಭಕ್ತಿಯಿಂದ ಮಾತ್ರ ‘ಕೊರ್ದ’ ಎಂದಾಗುವುದು. ರಷ್ಯನ್ನರು ಇಂಥದೇ ಗಾದೆಯಲ್ಲಿ ಏಳು ಸಲ ಅಳೆಯೆನ್ನುವರು. ಎಸ್ಟೋನಿಯನ್ನರು ಇನ್ನೆರಡು ಸಲ ಹೆಚ್ಚು ಅಳೆಯುವರು.

ಪದಗಳು ಬಾಯಿಗೆ ಬಂದುವು. ಆದರೆ ಗಾದೆಯು ಕೈಗೆ ಬಂದಿತೆ? ಅದು ಬಟ್ಟೆಯ ಕೆಲಸದಿಂದ ಹುಟ್ಟಿದ ನುಡಿ. ಅಗಸೆಯನ್ನು ಬೆಳೆದು, ಅದರ ನಾರನ್ನು ಬಿಡಿಸಿ, ನೂತು, ನೆಯ್ದು ಬಟ್ಟೆ ಮಾಡಿಕೊಳ್ಳುತ್ತಿದ್ದ ರೈತರ ಮನೆಯಲ್ಲಿ ಒಂದು ತುಂಡು ಬಟ್ಟೆಯೆಂದರೆ ಅನೇಕ ತಿಂಗಳ ದುಡಿಮೆ. ಅಳತೆ ತಪ್ಪಿದರೆ ಮತ್ತೆ ಅಳೆಯಬಹುದು. ಕತ್ತರಿ ತಪ್ಪಿದರೆ ಬಟ್ಟೆಯು ಮತ್ತೆ ಕೂಡದು. ಆದುದರಿಂದ ಗಾದೆಯ ಬಳಕೆಗೆ ಮೊದಲನೆಯ ನಿಯಮವು ಅದರ ಉಪಮಾನದಲ್ಲಿಯೇ ಇದೆ: ಹಿಂದೆಗೆದುಕೊಳ್ಳಲಾಗದ ಕಾರ್ಯಕ್ಕೆ ಮಾತ್ರ ಇದು ಸಲ್ಲುವುದು. ಹೊಲವನ್ನು ಮಾರುವಾಗ, ಸಂಬಂಧವನ್ನು ಕಡಿದುಕೊಳ್ಳುವಾಗ, ಒಬ್ಬನ ಮೇಲೆ ಅಪವಾದವನ್ನು ಹೊರಿಸುವಾಗ ಒಂಬತ್ತು ಅಳತೆಯೂ ಹೆಚ್ಚಲ್ಲ. ಬಿಸಿಲಿನಲ್ಲಿ ಬಂದವನಿಗೆ ನೀರು ಕೊಡುವುದಕ್ಕೆ ಒಂದು ಅಳತೆಯೂ ಬೇಡ.

ಎರಡನೆಯ ನಿಯಮವು ಕಾಲಕ್ಕೆ ಸಂಬಂಧಿಸಿದುದು. ಇದು ಕತ್ತರಿಸುವ ಮುನ್ನ ಆಡತಕ್ಕ ನುಡಿ. ನಷ್ಟಪಟ್ಟು ಕುಳಿತವನ ಮುಂದೆ ಇದನ್ನಾಡಿದರೆ ಬುದ್ಧಿವಾದವೆನಿಸದು; ಗಾಯದ ಮೇಲೆ ಉಪ್ಪೆನಿಸುವುದು. ಮೂರನೆಯ ನಿಯಮವನ್ನು ವ್ಯಾಕರಣವೇ ಸೂಚಿಸುವುದು. ಇಲ್ಲಿಯ ಎರಡು ಕ್ರಿಯಾಪದಗಳೂ ‘ನೀನು’ ಎಂಬ ಒಬ್ಬನಿಗೆ ಮಾಡಿದ ವಿಧಿಗಳು. ಅಳೆಯತಕ್ಕವನೂ ಕತ್ತರಿಸತಕ್ಕವನೂ ಒಬ್ಬನೆ. ಕತ್ತರಿಯನ್ನು ಹಿಡಿದವನು ತನಗೆ ತಾನೇ ಹೇಳಿಕೊಂಡಾಗ ಈ ನುಡಿಗೆ ಪೂರ್ಣಬಲ ಬರುವುದು. ಪರರ ಕೈಯನ್ನು ತಡೆಯುವುದಕ್ಕೆ ಮಾತ್ರ ಆಡಿದಾಗ ಅದು ಅರ್ಧಬಲವನ್ನು ಕಳೆದುಕೊಳ್ಳುವುದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅದೇ ಜನರ ಬಾಯಲ್ಲಿ ಇನ್ನೊಂದು ಪ್ರಸಿದ್ಧ ಗಾದೆಯುಂಟು: ಎದೆಗಾರ ತೋಳದ ಎದೆಯಲ್ಲಿ ಕೊಬ್ಬು. ಮುನ್ನುಗ್ಗಿದವನಿಗೇ ಫಲವೆಂಬುದು ಅದರ ತಾತ್ಪರ್ಯ. ಒಂದು ಗಾದೆ ನಿಲ್ಲೆನ್ನುವುದು, ಇನ್ನೊಂದು ನುಗ್ಗೆನ್ನುವುದು. ಯಾವುದು ಸತ್ಯ? ಎಸ್ಟೋನಿಯಾದ ಗಾದೆಗಳ ಮಹಾವಿದ್ವಾಂಸನಾಗಿದ್ದ ಆರ್ವೋ ಕ್ರಿಕ್‌ಮನ್ನನು 1974ರಲ್ಲಿ ಈ ಅನಿಶ್ಚಿತತೆಯನ್ನೇ ಕುರಿತು ಬರೆದನು. ಸಂದರ್ಭದಿಂದ ಬಿಡಿಸಿಟ್ಟ ಗಾದೆಯ ಅರ್ಥವು ನಿಶ್ಚಿತವಲ್ಲ. ಯಾರು, ಯಾರಿಗೆ, ಯಾವಾಗ, ಏತಕ್ಕೆ ಆಡಿದರೆಂಬುದರಿಂದ ಅದು ಸ್ಥಿರವಾಗುವುದು. ಇದರಿಂದ ಹೊರಡುವ ನೀತಿಯ ಅಂಶವು ಮುಖ್ಯವಾದುದು. ಅರ್ಥವನ್ನು ತುಂಬುವವನು ಆಡುವವನೇ ಆದಮೇಲೆ, ಆ ಅರ್ಥದ ಹೊಣೆಯೂ ಅವನದೇ. ಹಿರಿಯರು ಹೇಳಿದ್ದಾರೆಂದು ಅವರ ಹೆಸರಿನ ಮರೆಯಲ್ಲಿ ಅವನು ಅಡಗುವಂತಿಲ್ಲ.

ಅಡಗುವವರೇ ಹೆಚ್ಚು ಎಂಬುದು ಲೋಕಾನುಭವ. ವೃದ್ಧಳಾದ ತಾಯಿಯನ್ನು ತನ್ನ ಮನೆಗೆ ಕರೆತರಬೇಕೆ ಎಂದು ಮಗನೊಬ್ಬನು ಆಲೋಚಿಸುತ್ತಿರುವನೆಂದು ಭಾವಿಸಬಹುದು. ಒಂದು ವರ್ಷ ಮನೆಯ ಇಕ್ಕಟ್ಟನ್ನು ಅಳೆಯುವನು, ಮರುವರ್ಷ ವೆಚ್ಚವನ್ನು ಅಳೆಯುವನು, ಆಮೇಲೆ ಹೆಂಡತಿಯ ಮನಸ್ಸನ್ನು ಅಳೆಯುವನು. ಕೇಳಿದವರಿಗೆ, ದುಡುಕಬಾರದು ಎನ್ನುವನು. ಅತ್ತ ಹಳ್ಳಿಯ ಮನೆಯಲ್ಲಿ ತಾಯಿಯು ಒಂದು ದಿನ ಕಣ್ಮುಚ್ಚುವಳು. ಅವನು ಕತ್ತರಿಯನ್ನು ಎತ್ತಲೇ ಇಲ್ಲ. ಆದರೂ ಬಟ್ಟೆಯು ತುಂಡಾಯಿತು. ಸುಮ್ಮನಿರುವುದೂ ಒಂದು ಕತ್ತರಿಕೆಯೇ ಎಂಬುದನ್ನು ಅವನು ಅಳೆದಿರಲಿಲ್ಲ. ಒಂಬತ್ತು ಎಂದರೆ ಒಂಬತ್ತು. ಹತ್ತನೆಯದು ವಿವೇಕವಲ್ಲ, ಅಂಜಿಕೆ. ಗಾದೆಯ ಕೊನೆಯ ಪದವು ‘ಅಳೆ’ ಎಂದಲ್ಲ, ‘ಕತ್ತರಿಸು’ ಎಂದು.

ಇವೆರಡು ಪದಗಳೂ ಕೂಡಿದರೆ ಹೇಗಿರುವುದೆಂಬುದಕ್ಕೆ ಆ ಜನಾಂಗದ ಚರಿತ್ರೆಯೇ ನಿದರ್ಶನವಾಗಬಲ್ಲುದು. ಸೋವಿಯತ್ ಆಳಿಕೆಯಲ್ಲಿದ್ದ ಎಸ್ಟೋನಿಯಾ 1988ರ ನವೆಂಬರ್ 16ರಂದು ತನ್ನ ಕಾನೂನಿಗೇ ಅಗ್ರಸ್ಥಾನವೆಂದು ಸಾರಿತು. 1989ರ ಆಗಸ್ಟ್ 23ರಂದು ಟಾಲಿನ್ನಿನಿಂದ ರೀಗಾ ಮಾರ್ಗವಾಗಿ ವಿಲ್ನಿಯಸ್ಸಿನವರೆಗೆ ಮೂರು ದೇಶಗಳ ಲಕ್ಷಾಂತರ ಜನರು ಕೈ ಕೈ ಹಿಡಿದು ನಿಂತರು. 1991ರ ಮಾರ್ಚ್ 3ರಂದು ಜನಮತವನ್ನು ಕೇಳಲಾಯಿತು. ಮತದಾರರಲ್ಲಿ ಮುಕ್ಕಾಲಿಗೂ ಹೆಚ್ಚಿನವರು ಸ್ವಾತಂತ್ರ್ಯವನ್ನು ಬೆಂಬಲಿಸಿದರು. ಇವೆಲ್ಲ ಅಳತೆಗಳು. ಆ ವರ್ಷದ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದು ಸೇನೆಯು ಚಲಿಸತೊಡಗಿದಾಗ ಇನ್ನೊಮ್ಮೆ ಅಳೆಯೋಣವೆನ್ನುವುದು ಸುಲಭವಾಗಿತ್ತು. ಆದರೆ ಆಗಸ್ಟ್ 20ರ ರಾತ್ರಿ ಅಲ್ಲಿಯ ಶಾಸನಸಭೆಯು 69 ಮತಗಳಿಂದ ಸ್ವಾತಂತ್ರ್ಯವನ್ನು ನಿರ್ಧರಿಸಿತು. ಒಂದೇ ಸಲ ಕತ್ತರಿಸಿದರು. ಅದು ನೇರವಾಗಿ ಹರಿಯಿತು.

ಪರಭಾಷೆಯ ಗಾದೆಯನ್ನು ಉಚ್ಚರಿಸಲು ನಾಲಗೆಯು ಕೆಲವು ದಿನಗಳಲ್ಲಿ ಕಲಿಯುವುದು. ಅಳೆದು ಮುಗಿಯಿತೆಂದು ತನಗೆ ತಾನೇ ಒಪ್ಪಿಕೊಳ್ಳಲು ಮನಸ್ಸು ಬಹುಕಾಲ ಕಲಿಯಬೇಕು. ಯಾವನು ಆಡುವ ಮುನ್ನ, ಇದರಿಂದ ತಾನು ತಾಳ್ಮೆಯನ್ನು ಹೇಳುತ್ತಿರುವೆನೋ ತಪ್ಪಿಸಿಕೊಳ್ಳುತ್ತಿರುವೆನೋ ಎಂದು ಕೇಳಿಕೊಳ್ಳುವನೋ ಅವನೇ ಆ ಗಾದೆಯನ್ನು ಕಲಿತವನು. ಉಳಿದವರು ಅದನ್ನು ಬಾಯಿಪಾಠ ಮಾಡಿದವರು ಮಾತ್ರ.