ನ್ಯಾಯದ ಯುದ್ಧ, ಎದುರು ಮನೆ

ಪ್ರತಿವರ್ಷ ಸೆಪ್ಟೆಂಬರ್ 17ರಂದು, ಕಾಲೇಜಿನಲ್ಲಿ ಧ್ವಜವಂದನೆ ಮುಗಿದ ಮೇಲೆ ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿ ಕೊಂಚ ಹೊತ್ತು ಕುಳಿತು ಬರುವುದು ನನ್ನ ರೂಢಿ. ಈ ಸಲ ವಿದ್ಯಾರ್ಥಿಯೊಬ್ಬನ ಪ್ರಶ್ನೆಯೂ ಜೊತೆಗೆ ಬಂದಿತ್ತು: “ಸರ್, ನ್ಯಾಯವಾದ ಯುದ್ಧದಲ್ಲಿ ನಡೆದದ್ದೆಲ್ಲ ನ್ಯಾಯವೇ?”

ಯುದ್ಧ ನ್ಯಾಯವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. 1947ರಲ್ಲಿ ಹೈದರಾಬಾದಿನ ನಿಜಾಮರು ಭಾರತದೊಡನೆ ಸೇರದೆ ಸ್ವತಂತ್ರರಾಗಿರಬಯಸಿದರು. ಪ್ರಜೆಗಳ ಅಭಿಮತವನ್ನು ಕೇಳಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಲಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಕ್ತ ಹರಿಯಿತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕ ಪಾಕಿಸ್ತಾನದಿಂದ ಶಸ್ತ್ರಗಳನ್ನು ತಂದಿಳಿಸಿದ. ನಿಜಾಮರ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯನ್ನೂ ಮುಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೊರಟಿತು. ಐದು ದಿನಗಳಲ್ಲಿ ಯುದ್ಧ ಮುಗಿಯಿತು. ಅದಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಟ್ಟೆವು.

ಆದರೆ ಕೊಲೆ ಮುಗಿಯಲಿಲ್ಲ. ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಕಾರ್ಯಾಚರಣೆಯ ವೇಳೆಯಲ್ಲೂ ಅದರ ತರುವಾಯವೂ 27ರಿಂದ 40 ಸಾವಿರ ಜನ ಸತ್ತರೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆ ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ.

ನಮ್ಮ ಆಯಿ ರಜಾಕಾರರ ಹಾವಳಿಯನ್ನು ದನಿಯೆತ್ತಿ ಹೇಳುತ್ತಿದ್ದಳು. ಆಮೇಲಿನ ವಾರಗಳ ಮಾತು ಬಂದರೆ ಸುಮ್ಮನಾಗುತ್ತಿದ್ದಳು. ಎದುರು ಮನೆಯಲ್ಲಿದ್ದ ಬಳೆಗಾರ ಸಾಹೇಬರು ಏನಾದರೆಂದು ಒಮ್ಮೆ ಕೇಳಿದೆ. “ಹ್ವಾದ್ರಪ್ಪ” ಎಂದಷ್ಟೇ ಹೇಳಿ ಒಳಗೆ ಎದ್ದುಹೋದಳು.

ರಜಾಕಾರರ ಪಾಪವೇ ಇದಕ್ಕೆ ಕಾರಣ ಎನ್ನುವವರುಂಟು. ಕಾರಣವಿರಬಹುದು, ಕಾರಣ ಬೇರೆ, ಸಮರ್ಥನೆ ಬೇರೆ. ನೆರೆಯವನನ್ನು ಅವನ ಮತದಿಂದಲೇ ವೈರಿಯೆಂದು ಎಣಿಸಿದ್ದು ರಜಾಕಾರರ ಅಪರಾಧವಾದರೆ, ಬಳೆಗಾರನನ್ನು ಹಾಗೆಯೇ ಎಣಿಸಿದವರು ಯಾರನ್ನು ಗೆದ್ದಂತಾಯಿತು?

ಬೇರೆ ದಾರಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಹಿಂದೂ ನೇಕಾರರು ತಮ್ಮ ಪ್ರಾಣವನ್ನೇ ಒತ್ತೆಯಿಟ್ಟು ಮುಸಲ್ಮಾನ ನೇಕಾರರನ್ನು ಉಳಿಸಿದರೆಂಬ ಮಾತು ಅದೇ ವರದಿಯಲ್ಲಿದೆ. ಒಂದೇ ಕಾಯಕದವರೆಂಬ ಅರಿವು ಅವರಿಗೆ ಸಾಕಾಯಿತು. ಶರಣಬಸವರು ಹೆಸರಾದದ್ದು ದಾಸೋಹಕ್ಕೆ. ಹಸಿದವನ ಮತ ಕೇಳುವ ಪದ್ಧತಿ ದಾಸೋಹದಲ್ಲಿಲ್ಲ. ಈ ಅಂಗಳದಲ್ಲಿ ಕುಳಿತ ನಾವು, ಸತ್ತವನ ಮತ ಕೇಳಿ ಕಣ್ಣೀರು ಹಾಕುವುದು ತರವೇ?

ನಾಳೆ ಆ ಹುಡುಗನಿಗೆ ಉತ್ತರ ಹೇಳಬೇಕು: ಇಲ್ಲಪ್ಪ, ಎಲ್ಲವೂ ನ್ಯಾಯವಲ್ಲ. ಧ್ವಜಕ್ಕೆ ವಂದಿಸಿದ ದಿನವೇ ಎದುರು ಮನೆಯವರನ್ನೂ ನೆನೆಯೋಣ. ಅದರಿಂದ ಧ್ವಜದ ಗೌರವ ಕುಂದುವುದಿಲ್ಲ.