ಹಿತ್ತಲಿನ ದಾಸೋಹ

ಕಾಯಕವು ಬರಿಯ ಉಪದೇಶದಿಂದ ಬರುವುದಲ್ಲ. ಹಿರಿಯರ ಕೈಯನ್ನು ನೋಡಿ ಕಿರಿಯರ ಕೈಗೆ ಬರುವುದು. ಒಕ್ಕಲಿಗ ಮುದ್ದಣ್ಣನವರು ಬೇಸಾಯದ ಮಾತಿನಲ್ಲಿಯೇ ಅನುಭಾವವನ್ನು ನುಡಿದರು.

ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆಯುಂಟು. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಹೊಲಗಳು ಮುಗಿಲನ್ನೇ ನಂಬಿವೆ. ಮಳೆ ಹೋದ ವರ್ಷ ತರುಣರು ದುಡಿಮೆಯನ್ನರಸಿ ಗುಳೆ ಹೋಗುವರು. ಬೀಜವನ್ನು ಬಲ್ಲ ಅಜ್ಜಿ ಮನೆಯಲ್ಲಿ ಉಳಿಯುವಳು. ಯಾವ ಹೀರೆಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಡಬೇಕು, ಯಾವ ಬೀಜವನ್ನು ಬೂದಿಯಲ್ಲಿ ಬೆರೆಸಿಡಬೇಕು ಎಂಬ ಅರಿವು ಅವಳೊಡನೆಯೇ ಮಣ್ಣುಗೂಡಿದರೆ ನಷ್ಟ ಯಾರದು?

2019ರಲ್ಲಿ ಕೊಪ್ಪಳ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮುಂದೆ ನಿಂತಾಗ, ಜನರು ಒಂದಾಗಿ ಹಿರೇಹಳ್ಳವನ್ನು ಶುಚಿಗೊಳಿಸಿದರು. ಹಳ್ಳಕ್ಕೆ ಆದುದು ಹಿತ್ತಲಿಗೆ ಆಗಬಾರದೆ? ಶಾಲೆಯ ಅಂಗಳದಲ್ಲಿ, ಮಠದ ಹಿಂದಣ ಬಯಲಿನಲ್ಲಿ ನಾಲ್ಕು ಮಡಿ ಮಾಡಿರಿ. ಅಜ್ಜಿ ಬೀಜ ಕೊಡಲಿ, ಮೊಮ್ಮಗು ನೀರು ಹೊರಲಿ. ಬೆಳೆದ ಪುಂಡಿಪಲ್ಯವೂ ಚವಳಿಕಾಯಿಯೂ ಮೊದಲು ದಾಸೋಹದ ಮನೆಗೆ ಸಲ್ಲಲಿ.

ಎಲ್ಲಕ್ಕಿಂತ ಒಳ್ಳೆಯ ಕಾಯನ್ನು ಮಾತ್ರ ಕೊಯ್ಯದೆ ಬೀಜಕ್ಕೆ ಬಿಡಲು ಅಜ್ಜಿ ಹೇಳುವಳು. ಉಣ್ಣುವ ಆಸೆಯನ್ನು ತಡೆದು ಬರುವವರಿಗಾಗಿ ಉಳಿಸುವ ಈ ಪಾಠವು ಪುಸ್ತಕದಲ್ಲಿ ದೊರೆಯದು. ಮುಂದಿನ ಮುಂಗಾರಿಗೆ ಆ ಬೀಜವನ್ನು ಮಗು ಇನ್ನೊಂದು ಮಗುವಿನ ಕೈಗೆ ಹಾಕಿದರೆ ಹಿರಿಯರ ಋಣ ಸಂದಂತೆ. ಅದೇ ದಾಸೋಹ.